ಗಜೇಂದ್ರಗಡಕ್ಕೆ ಕಳ್ಳ ಕುಬಸ

ಗೌರವ್ವ ಖಾನಾವಳಿಗೆ ಕೊಡುವ ಐವತ್ತು ರೊಟ್ಟಿ ಬಡಿದು ಮುಗಿಸಿ, ಒಲೆಯ ಮುಂದಿನಿಂದ ಎದ್ದು ಸೊಂಟ ಹಿಡಿದುಕೊಂಡು ನಿಂತಿದ್ದಳಷ್ಟೆ, ಬಳೆಗಾರ್ತಿ ರಮಜಾನಬಿ ಬಂದು ಕಟ್ಟೆಯ ಮೇಲೆ ಬುಟ್ಟಿ ಇಳಿಸಿದಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಂದಿನಿಂದ ಅವಳ ವ್ಯಾಪಾರ ನರಗುಂದದ ಓಣಿಗಳನ್ನು ದಾಟಿ ರೋಣ, ಗಜೇಂದ್ರಗಡದ ತನಕ ಹೋಗಿತ್ತು. ಒಂದು ತಂಬಿಗೆ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಸುದ್ದಿ ಹೇಳಿದಳು. ಗಜೇಂದ್ರಗಡದ ಸಂತೆಯಲ್ಲಿ ಅಂದಾನೆಪ್ಪನ ಮಗಳು ನಿರ್ಮಲಾ ಸಿಕ್ಕಿದ್ದಳು, ಒಂದು ಡಜನ್ ಬಳೆ ಇಡಿಸಿಕೊಂಡಳು, ಐದನೇ ತಿಂಗಳು ನಡೆದಿದೆಯಂತೆ.

ಪಡಸಾಲೆಯಲ್ಲಿ ಗೌರವ್ವನ ಗಂಡ ಅಂದಾನೆಪ್ಪನ ಹೊಲಿಗೆ ಮಷೀನು ನಿಂತಿತು.

“ಇದು ಎರಡನೇದ್ದಂತ್ರಿ,” ಅಂದಳು ರಮಜಾನಬಿ, ದನಿ ಇಳಿಸಿ. “ಹ್ವಾದ ವರ್ಷದ್ದು ಮೂರ ತಿಂಗಳಿಗೇ ಹೋತಂತ. ನಿಮಗ ಗೊತ್ತಿರಬೇಕಲ್ಲ.”

ಯಾರಿಗೂ ಗೊತ್ತಿರಲಿಲ್ಲ. ಅಂದಾನೆಪ್ಪ ಕೊರಳಿನ ಟೇಪು ತೆಗೆದು ಮಷೀನಿನ ಮೇಲಿಟ್ಟು ಹಿತ್ತಲಿಗೆ ಹೋದ. ಮುಖ ತೊಳೆಯುವ ಸಪ್ಪಳ ಬಹಳ ಹೊತ್ತು ಕೇಳಿಸಿತು. ಅವನ ತಾಯಿ ಕಲ್ಲವ್ವ ಬೆಳ್ಳುಳ್ಳಿ ಬಿಡಿಸುತ್ತಿದ್ದ ಮೊರವನ್ನು ಪಕ್ಕಕ್ಕೆ ಸರಿಸಿ, ಹುಡುಗಿ ತೆಳ್ಳಗಾಗಿದ್ದಾಳೋ ಮೈ ತುಂಬಿಕೊಂಡಿದ್ದಾಳೋ, ಯಾವ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾಳೆ, ಹುಳಿ ಬೇಡುತ್ತಾಳೋ ಸಿಹಿ ಬೇಡುತ್ತಾಳೋ ಎಂದು ಒಂದೊಂದಾಗಿ ಕೇಳತೊಡಗಿದಳು.

ಗೌರವ್ವ ಖಾಲಿಯಾದ ತಂಬಿಗೆ ಎತ್ತಿಕೊಂಡಳು. ನಿರ್ಮಲಾಳನ್ನು ಅವಳು ನೋಡಿದ್ದು ಒಂದೇ ಸಲ. ಅಂದಾನೆಪ್ಪನ ಮೊದಲ ಹೆಂಡತಿ ಫಕೀರವ್ವ ತೀರಿಕೊಂಡು ಹನ್ನೊಂದು ತಿಂಗಳಿಗೆ ಅವನು ಯಾವಗಲ್ಲಿನ ಗೌರವ್ವನನ್ನು ಉಡಿಕಿ ಮಾಡಿಕೊಂಡು ತಂದಿದ್ದ. ಗೌರವ್ವನ ಮೊದಲ ಗಂಡ ಕಾಮಾಲೆಯಾಗಿ ಸತ್ತು ಆಗಲೇ ಹತ್ತೊಂಬತ್ತು ವರ್ಷವಾಗಿತ್ತು. ಗಂಡ ಸತ್ತವಳ ಮರುಮದುವೆಗೆ ಹಂದರವಿಲ್ಲ, ವಾಲಗವಿಲ್ಲ. ಸಂಜೆ ಗುಡಿಯಲ್ಲಿ ಒಂದು ಸೀರೆ ಉಡಿಸಿ, ತಾಳಿ ಕಟ್ಟಿ ಮನೆ ತುಂಬಿಸಿಕೊಂಡರೆ ಮುಗಿಯಿತು. ಮುಂದಿನ ತಿಂಗಳು ತಾಯಿಯ ವರ್ಷದ ಕಾರ್ಯಕ್ಕೆ ಬಂದ ನಿರ್ಮಲಾ, ತಾಯಿ ಕೂಡುತ್ತಿದ್ದ ಮಣೆಯ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದವಳನ್ನು ನೋಡಿ, ಹೆಗಲಿನ ಚೀಲವನ್ನೂ ಇಳಿಸದೆ, ಅಪ್ಪ ಅಜ್ಜಿ ಸಮಾಧಾನ ಹೇಳಿದರೂ ಕೇಳದೆ, ಅಳುತ್ತ ಬಂದ ಬಸ್ಸಿಗೇ ಹೊಳ್ಳಿ ಹೋದಳು. ಎರಡು ವರ್ಷವಾಯಿತು. ಅಪ್ಪ ಫೋನು ಮಾಡಿದರೆ ಅಳಿಯ ಕಳಕೇಶ ಎತ್ತಿ, ಎಲ್ಲಾರೂ ಅರಾಮ ಅದೀವ್ರಿ ಅಂದು ಇಡುತ್ತಿದ್ದ.

ಆ ಸಂಜೆ ಊಟಕ್ಕೆ ಕೂತಾಗ ಕಲ್ಲವ್ವ ಮಾತು ತೆಗೆದಳು. ಐದನೇ ತಿಂಗಳಂದ ಮೇಲೆ ತವರಿನಿಂದ ಕಳ್ಳ ಕುಬಸ ಹೋಗಲೇಬೇಕು. ದೊಡ್ಡ ಕುಬಸವಾದರೆ ಏಳನೇ ತಿಂಗಳಿಗೆ, ಗಂಡನ ಮನೆಯವರು ಕರೆ ಕಳಿಸಿದ ಮೇಲೆ. ಕಳ್ಳ ಕುಬಸಕ್ಕೆ ಕರೆಯುವವರೂ ಇಲ್ಲ, ಕೇಳುವವರೂ ಇಲ್ಲ. ತವರಿನವರೇ ಬುತ್ತಿ ಕಟ್ಟಿಕೊಂಡು, ಹುಡುಗಿಗೆ ಸುಳಿವು ಕೊಡದೆ ಹೋಗಿ, ಹಸಿರು ಕುಬಸ ತೊಡಿಸಿ ಉಡಿ ತುಂಬಿ ಬರುವುದು.

“ಬಾ ಅಂತ ಆಕಿ ಕರಿಯಂಗಿಲ್ಲ, ಬರ್ತೀವಿ ಅಂತ ನಾವು ಕೇಳಂಗಿಲ್ಲ. ನಮ್ಮ ಪಾಲಿಗೆ ಇದೊಂದ ದಾರಿ ಉಳದೈತಿ,” ಅಂದಳು ಕಲ್ಲವ್ವ.

ಅಂದಾನೆಪ್ಪ ತಲೆಯಾಡಿಸಿದ. ಉಡಿ ತುಂಬುವವರು ಯಾರು ಎಂದು ಕೇಳಿದ. ಕಲ್ಲವ್ವ ಗಂಡನಿಲ್ಲದವಳು, ಅವಳು ತುಂಬುವ ಹಾಗಿಲ್ಲ. ನರೇಗಲ್ಲಿನಲ್ಲಿರುವ ಅವನ ಕಾಕಾನ ಮಗಳು ಶಿವಗಂಗವ್ವ ಮುತ್ತೈದೆ, ಕೈಗುಣ ಚಲೋ, ಆಕೆಯನ್ನೇ ಕರೆದುಕೊಂಡು ಹೋಗೋಣ ಅಂದಳು ಕಲ್ಲವ್ವ.

ಅಂದಾನೆಪ್ಪನ ತಾಟಿಗೆ ಎರಡನೇ ರೊಟ್ಟಿ ಹಾಕುತ್ತಿದ್ದ ಗೌರವ್ವನ ಕೈ ನಿಂತಿತು. “ಮನ್ಯಾಗ ನಾ ಇದ್ದೀನಲ್ಲರಿ ಅತ್ತಿ.”

ಕಲ್ಲವ್ವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಗೌರವ್ವನಿಗೆ ಹಗುರಾಗುತ್ತಿತ್ತು.

“ನಿನಗ ಅನ್ನಬೇಕಂತ ಅನ್ನೂದಲ್ಲವಾ. ಉಡಿಕಿ ಆದಾಕಿ ಕುಬಸದಾಗ ಉಡಿ ತುಂಬೂದಿಲ್ಲ. ಮೊದಲ ಒಂದ ಹೋಗೈತಿ ಆ ಹುಡುಗಿಗೆ. ನಾಳೆ ಏನರ ಹೆಚ್ಚು ಕಡಿಮಿ ಆದ್ರ ಯಾರ ಹೊಣಿ?”

ಗೌರವ್ವ ಗಂಡನ ಮುಖ ನೋಡಿದಳು. ಅಂದಾನೆಪ್ಪ ರೊಟ್ಟಿ ಮುರಿದ, ಪಲ್ಲೆಗೆ ಹಚ್ಚಿದ, ಬಾಯಿಗೆ ಇಟ್ಟುಕೊಳ್ಳಲಿಲ್ಲ. ಆಮೇಲೆ ಮಜ್ಜಿಗೆ ಕೇಳಿದ. ಅವಳು ಮಜ್ಜಿಗೆ ಹಾಕಿದಳು.

ಮುಂದಿನ ಎರಡು ವಾರ ಆ ಮನೆಯಲ್ಲಿ ಕೆಲಸವೂ ನಡೆಯಿತು, ಕುಟುಕು ಮಾತೂ ನಡೆಯಿತು. ಬುತ್ತಿಗೆ ಜೋಳ ಹಸನು ಮಾಡುವುದು, ಶೇಂಗಾ ಹುರಿಯುವುದು, ಕಡಲೆಬೇಳೆ ಒಣಹಾಕುವುದು ಎಲ್ಲ ಗೌರವ್ವನ ಪಾಲಿಗೇ. ಬೆಳಿಗ್ಗೆ ಖಾನಾವಳಿಯ ರೊಟ್ಟಿ, ಮಧ್ಯಾಹ್ನ ಅಂದಾನೆಪ್ಪ ಹೊಲಿದ ಜಂಪರುಗಳಿಗೆ ಹುಕ್ಕು ಹಚ್ಚುವುದು, ಕಾಜಾ ಎತ್ತುವುದು, ಸಂಜೆ ಈ ಕೆಲಸ. ಮೊರ ಹಿಡಿದು ಕೇರುತ್ತ, ಯಾರಿಗೂ ಅಲ್ಲವೆಂಬಂತೆ ಅವಳು, ಜೋಳ ಕೇರಾಕ ಉಡಿಕಿಯಾಕಿ ನಡೀತಾಳ, ಅಂದಳು. ಯಾರಿಗೂ ಅಲ್ಲವೆಂಬಂತೆಯೇ ಕಲ್ಲವ್ವ ಒಳಗಿನಿಂದ, ಕೇರೂದ ಬ್ಯಾಸರಾದ್ರ ಇಡು, ನಾ ಇನ್ನೂ ಸತ್ತಿಲ್ಲ, ಅಂದಳು. ಮೊಣಕಾಲು ಹಿಡಿದುಕೊಂಡು ಎದ್ದು ಬಂದು ನಿಜವಾಗಿಯೂ ಮೊರಕ್ಕೆ ಕೈ ಹಾಕಿದಳು. ಗೌರವ್ವ ಮೊರ ಬಿಡಲಿಲ್ಲ. ಇಬ್ಬರೂ ಒಂದೊಂದು ಅಂಚು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು.

ರಮಜಾನಬಿ ಹಸಿರು ಬಳೆ ಕೊಡಲು ಬಂದಾಗ ಗೌರವ್ವ ಅವಳ ಮುಂದೆ ಹೇಳಿಕೊಂಡಳು. ಬಳೆಗಾರ್ತಿ ನಕ್ಕಳು.

“ನನ್ನ ಮನಿಯವರು ಹೋಗಿ ಹನ್ನೆರಡ ವರ್ಷಾತು ಗೌರವ್ವ. ಈ ಊರ ಮದುಮಕ್ಕಳೆಲ್ಲಾ ನನ್ನ ಕೈಲೇನ ಬಳಿ ಇಡಿಸಿಕೊಂಡಾರ. ಬಳಿ ಬೇಕಾದಾಗ ನೀ ಯಾರು ಅಂತ ಯಾರೂ ಕೇಳಿಲ್ಲ. ನಿಮ್ಮತ್ತಿಗೆ ಈಗ ರೊಟ್ಟಿ ಬೇಕಾಗ್ಯಾವ, ಅಷ್ಟ.”

ಅಂದಾನೆಪ್ಪ ಗುಳೇದಗುಡ್ಡದ ಹಸಿರು ಖಣ ತಂದ. ಕತ್ತರಿಸುವ ಮುಂಚೆ ಅಳತೆಯ ಹಳೆಯ ಪುಸ್ತಕ ಹುಡುಕಿ ತೆಗೆದ. ಮಗಳ ಮದುವೆಯ ಜಂಪರಿಗೆ ಬರೆದಿಟ್ಟ ಅಳತೆ ಅದರಲ್ಲಿತ್ತು. ಗೌರವ್ವ ನೋಡಿ, ರಮಜಾನಬಿ ನಾಳಿದ್ದು ಗಜೇಂದ್ರಗಡಕ್ಕೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಒಂದು ಅಳತೆಯ ಜಂಪರು ತರಿಸಿರಿ, ಬಸುರಿಯ ಮೈ ಹಳೆಯ ಅಳತೆಗೆ ನಿಲ್ಲುವುದಿಲ್ಲ ಅಂದಳು.

“ಜಂಪರ್ ಬೇಡಿದ್ರ ಆಕಿಗೆ ಗೊತ್ತಾಗಂಗಿಲ್ಲೇನು? ಆಮ್ಯಾಲ ಅದೆಂಥಾ ಕಳ್ಳ ಕುಬಸ?” ಅಂದ ಅಂದಾನೆಪ್ಪ. “ಸಾಲಿ ಲಂಗದಿಂದ ಹಿಡದು ಲಗ್ನದ ಜಂಪರಿನ ತನಕ ಎಲ್ಲಾ ನಾನ ಹೊಲದೀನಿ. ನನ್ನ ಮಗಳ ಅಳತಿ ನನಗ ಗೊತ್ತೈತಿ.”

ಒಂದು ಇಂಚು ಹೆಚ್ಚಿಗೆ ಹಿಡಿದು ಕತ್ತರಿಸಿದ. ಎರಡು ತಾಸಿನ ಕೆಲಸಕ್ಕೆ ಎರಡು ದಿನ ಕೂತ. ಹುಕ್ಕು ಹಚ್ಚಲು ಕೊಟ್ಟಾಗ ಗೌರವ್ವ ಆ ಸಣ್ಣ ಕುಬಸವನ್ನು ಮಡಿಲಲ್ಲಿ ಹರವಿಕೊಂಡು ನೋಡಿದಳು. ಅಷ್ಟು ಚಂದದ ಹೊಲಿಗೆಯನ್ನು ಅವನು ಗಿರಾಕಿಗಳಿಗೆ ಹಾಕಿದ್ದನ್ನು ಅವಳು ಕಂಡಿರಲಿಲ್ಲ.

ಕಲ್ಲವ್ವ ಸೋಮವಾರ ಗೊತ್ತುಮಾಡಿದಳು. ರವಿವಾರ ಮಧ್ಯಾಹ್ನದಿಂದ ಒಲೆ ಆರಲಿಲ್ಲ. ಶೇಂಗಾ ಹೋಳಿಗೆ, ಕರಿಗಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೊಸರು ಬುತ್ತಿ. ಕಲ್ಲವ್ವ ಒಲೆಯ ಪಕ್ಕ ಕೂತು, ನಿರ್ಮಲಾಗೆ ಎಣ್ಣೆಗಾಯಿ ಅಂದರೆ ಜೀವ, ಬದನೆಕಾಯಿ ಸಣ್ಣವಿರಬೇಕು, ಹುಣಸೆ ಮುಂದಾಗಬೇಕು, ಫಕೀರವ್ವ ಹಾಗೇ ಮಾಡುತ್ತಿದ್ದಳು ಅಂದಳು. ಗೌರವ್ವ ಚಮಚದಲ್ಲಿ ರಸ ತೆಗೆದು ಅತ್ತೆಯ ಅಂಗೈಗೆ ಹಾಕಿದಳು. ಇನ್ನಷ್ಟು ಹುಣಸೆ ಅಂದಳು ಕಲ್ಲವ್ವ. ಹಾಕಿದಳು. ಇನ್ನೊಂದು ಸಲ ಅಂಗೈ ಚಾಚಿ ಕಲ್ಲವ್ವ ನೆಕ್ಕಿ ನೋಡಿದಳು. ಕಣ್ಣು ಒರೆಸಿಕೊಂಡು, ಹೊಗಿ ಭಾಳ ಆತು, ಅಂದು ಎದ್ದು ಹೋದಳು.

ಹಾಸಿಗೆ ಹಾಸುವಾಗ ಅಂದಾನೆಪ್ಪ ಮೆಲ್ಲಗೆ ಬಾಯಿ ಬಿಟ್ಟ. ಶಿವಗಂಗವ್ವ ರೋಣದಲ್ಲಿ ಕೂಡಿಕೊಳ್ಳುತ್ತಾಳೆ, ಆದರೆ ಎರಡು ಬುಟ್ಟಿ ಅಲ್ಲಿಯ ತನಕ ಹೊರುವವರು ಯಾರು, ಅವ್ವನ ಕೈಲಾಗುವುದಿಲ್ಲ, ನೀನೂ ಬಾ, ಅಂದ.

“ಹೊರಾಕ ಬರತೀನಿ,” ಅಂದಳು ಗೌರವ್ವ. “ಅಲ್ಲಿ ಮುಟ್ಟಿದ ಮ್ಯಾಲ ಒಳಗ ಬರಬೇಕೋ, ಕಟ್ಟಿ ಮ್ಯಾಲ ಕುಂದರಬೇಕೋ, ಅದನ್ನೂ ಈಗ ಹೇಳಿಬಿಡ್ರಿ.”

ಅವನು ಗೋಡೆಯ ಕಡೆ ಹೊರಳಿ ಮಲಗಿದ. ನಿದ್ದೆ ಮಾಡಲಿಲ್ಲ ಅನ್ನುವುದು ಅವಳಿಗೆ ಗೊತ್ತಾಯಿತು.

ಬೆಳಗಿನ ರೋಣದ ಬಸ್ಸು ತುಂಬಿ ಬಂದಿತ್ತು. ಅತ್ತೆ ಸೊಸೆ ಆಧಾರ ಕಾರ್ಡು ತೋರಿಸಿ ಕೂತರು. ಅಂದಾನೆಪ್ಪ ರೊಕ್ಕ ತೆಗೆದಾಗ ಕಂಡಕ್ಟರ, ಯಜಮಾನ್ರ, ಈ ಬಸ್ಸಿನ್ಯಾಗ ಡೀಸೆಲ್ ಹಾಕಸೋರು ನೀವ ಒಬ್ರು, ಅಂದು ಟಿಕೆಟು ಹರಿದ. ಸುತ್ತಲಿನ ಹೆಂಗಸರು ನಕ್ಕರು. ಅಂದಾನೆಪ್ಪನೂ ನಕ್ಕ, ಎರಡು ವಾರದಲ್ಲಿ ಅವನು ನಕ್ಕದ್ದು ಅದೇ ಮೊದಲು.

ಯಾವಗಲ್ಲಿನಲ್ಲಿ ಬಸ್ಸು ನಿಂತಾಗ ಗೌರವ್ವನ ತಮ್ಮನ ನೆರೆಮನೆಯಾಕೆ ಕಿಟಕಿಯಲ್ಲಿ ಅವಳನ್ನು ಗುರುತು ಹಿಡಿದು ಓಡಿ ಬಂದಳು. ಬುಟ್ಟಿ ಹೊತಗೊಂಡ ಎಲ್ಲಿಗೆ ಹೊಂಟಿ ಎಂದು ಕೇಳಿದಳು.

“ಮಗಳ ಕುಬಸಕ್ಕ,” ಅಂದಳು ಗೌರವ್ವ.

ಕಲ್ಲವ್ವ ಕೇಳಿಸಿಕೊಂಡು ಮುಖವನ್ನು ಆಚೆ ಕಡೆ ತಿರುಗಿಸಿದಳು. ಆದರೆ ತಿದ್ದಲಿಲ್ಲ.

ರೋಣದ ಸ್ಟ್ಯಾಂಡಿನಲ್ಲಿ ಶಿವಗಂಗವ್ವ ಇರಲಿಲ್ಲ. ಒಂದು ತಾಸು ಕಾದ ಮೇಲೆ ಅವಳ ಫೋನು ಬಂತು. ಬೀಗರು ಹೇಳದೆ ಕೇಳದೆ ಬಂದು ಕೂತಿದ್ದಾರೆ, ಅವರಿಗೆ ಊಟಕ್ಕಿಡದೆ ಹೇಗೆ ಬರಲಿ, ಮುಂದಿನ ಸೋಮವಾರ ಹೋಗೋಣ ಅಂದಳು. ಮುಂದಿನ ಸೋಮವಾರ ಅಮಾವಾಸ್ಯೆ. ಅದರಾಚೆಗೆ ಆರನೇ ತಿಂಗಳು ಬೀಳುತ್ತದೆ. ಕಲ್ಲವ್ವ ಬುಟ್ಟಿಯ ಪಕ್ಕ ಕಲ್ಲಿನ ಬೆಂಚಿನ ಮೇಲೆ ಕೂತು, ಹೊಳ್ಳಿ ಹೋಗೋಣ ಅಂದಳು. ಕಟ್ಟಿದ ಬುತ್ತಿ ಬಿಚ್ಚಬಾರದು, ಅಲ್ಲಿಯ ಓಣಿಯಲ್ಲಿ ಯಾರಾದರೂ ಮುತ್ತೈದೆ ಸಿಗುತ್ತಾರೆ ಅಂದ ಅಂದಾನೆಪ್ಪ. ಗೌರವ್ವ ಎರಡೂ ಬುಟ್ಟಿ ಎತ್ತಿಕೊಂಡು ಗಜೇಂದ್ರಗಡದ ಬಸ್ಸಿನ ಕಡೆ ನಡೆದಳು. ಉಳಿದಿಬ್ಬರು ಹಿಂದೆ ಬಂದರು.

ನಿರ್ಮಲಾ ಗಂಡನ ಮನೆಯ ಪಡಸಾಲೆಯಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಬಾಗಿಲಲ್ಲಿ ಅಪ್ಪ, ಅವನ ಹಿಂದೆ ಆಯಿ ಕಲ್ಲವ್ವ. ಹೇಳದೆ ಇಬ್ಬರೂ ಕೂಡಿ ಬಂದದ್ದು ನೋಡಿ ಅವಳ ಮುಖ ಬಿಳಿಚಿತು. ಯಾರಿಗೇನಾತು ಎಂದು ಎದ್ದಳು. ಆಮೇಲೆ ತಲೆಯ ಮೇಲೆ ಬುಟ್ಟಿ ಹೊತ್ತ ಗೌರವ್ವ ಕಂಡಳು. ನಿರ್ಮಲಾ ನಿಂತಲ್ಲೇ ನಿಂತಳು.

ಒಳಗಿನಿಂದ ಬಂದ ಅವಳ ಅತ್ತೆ ಕಳಕವ್ವನಿಗೆ ಬುಟ್ಟಿಯ ಮೇಲಿನ ಹಸಿರು ಕುಬಸ ನೋಡಿದ ಕೂಡಲೇ ತಿಳಿಯಿತು. ಬರ್ರಿ ಬೀಗರ, ಬರ್ರಿ, ಅಂದು ಕೈಕಾಲಿಗೆ ನೀರು ಕೊಟ್ಟಳು. ಗಂಡಸರು ಕಟ್ಟೆಯ ಮೇಲೆ ಕೂಡಬೇಕೆಂದು ಅಂದಾನೆಪ್ಪನನ್ನು ಅಲ್ಲೇ ಬಿಟ್ಟು, ಹೆಂಗಸರನ್ನು ನಡುಮನೆಗೆ ಕರೆದುಕೊಂಡು ಹೋದಳು. ಗೌರವ್ವ ಬುಟ್ಟಿ ಇಳಿಸುವ ನೆಪದಲ್ಲಿ ಒಳಗೆ ಬಂದಳು. ಹೊರಗೆ ಹೋಗೆಂದು ಯಾರೂ ಹೇಳಲಿಲ್ಲ. ಕೂಡು ಅಂತಲೂ ಅನ್ನಲಿಲ್ಲ.

ಮಣೆಯ ಮೇಲೆ ಕೂಡಿಸಿ ಕುಬಸ ತೊಡಿಸಲು ಹೋದರೆ ತೋಳು ರಟ್ಟೆಯ ಮೇಲಕ್ಕೆ ಏರಲಿಲ್ಲ. ಎಳೆದು ಏರಿಸಿದರೆ ಮುಂದೆ ಹುಕ್ಕಿಗೂ ಕಾಜಾಕ್ಕೂ ನಾಲ್ಕು ಬೆರಳು ಅಂತರ. ಕುಬಸ ಮೈಗೇರದಿರುವುದು ಒಳ್ಳೆಯ ಶಕುನವಲ್ಲ; ಕಲ್ಲವ್ವ ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದಳು.

“ಒಂದ ಬ್ಲೇಡ್ ಕೊಡ್ರಿ,” ಅಂದಳು ಗೌರವ್ವ.

ನಿರ್ಮಲಾಳ ಹಿಂದೆ ಕೂತು, ಕಂಕುಳ ಕೆಳಗಿನ ಹೊಲಿಗೆಯನ್ನು ಮೈಮೇಲೆಯೇ ಒಂದೊಂದಾಗಿ ಬಿಚ್ಚತೊಡಗಿದಳು. ಅಲಗ್ಯಾಡಬ್ಯಾಡವಾ, ಉಸುರು ಸಣ್ಣಗ ಬಿಡು, ಅಂದಳು. ನಿರ್ಮಲಾ ಅಲುಗಾಡಲಿಲ್ಲ.

“ಅಪ್ಪ ಹಳೇ ಅಳತಿಗೆ ಹೊಲದಾನ,” ಅಂದಳು ನಿರ್ಮಲಾ, ಮುಂದಿನ ಗೋಡೆಯನ್ನು ನೋಡುತ್ತ.

“ಹೌದು.”

“ಕೇಳಬೇಕಿತ್ತಲ್ಲ.”

“ಕೇಳಿದ್ರ ನೀ ಬರಬ್ಯಾಡ್ರಿ ಅಂತಿದ್ದಿ.”

ಎರಡೂ ಬದಿಯ ಮಡಿಕೆ ಬಿಚ್ಚಿದ ಮೇಲೆ ಕುಬಸ ಸಡಿಲಾಗಿ ಮೂರು ಹುಕ್ಕು ಕಾಜಾಕ್ಕೆ ಸಿಕ್ಕವು. ಕೆಳಗಿನ ಒಂದಕ್ಕೆ ಗೌರವ್ವ ತನ್ನ ಬಳೆಯಲ್ಲಿದ್ದ ಪಿನ್ನು ಹಾಕಿ ಸೆರಗು ಹೊದಿಸಿದಳು.

ಉಡಿ ತುಂಬುವವರು ಯಾರೆಂದು ಕಳಕವ್ವ ಕೇಳಿದಳು. ಕಲ್ಲವ್ವ ತಗ್ಗಿದ ದನಿಯಲ್ಲಿ ಶಿವಗಂಗವ್ವನ ಬೀಗರ ಕತೆ ಹೇಳಿ, ಇಕಿ ಉಡಿಕಿಯಾಕಿ, ನಿಮ್ಮ ಓಣ್ಯಾಗಿನ ಯಾರರ ಮುತ್ತೈದೇರನ್ನ ಕರೀರಿ, ಅಂದಳು. ಕಳಕವ್ವ ಪಕ್ಕದ ಮನೆಯವಳನ್ನು ಕರೆಯಲು ಬಾಗಿಲ ತನಕ ಹೋದಳು. ಗೌರವ್ವ ಎದ್ದು ಬುಟ್ಟಿಯ ಹಿಂದೆ ನಿಂತಳು.

“ನಿಂದರ್ರಿ ಅತ್ತಿ,” ಅಂದಳು ನಿರ್ಮಲಾ. ಆಮೇಲೆ ಅಜ್ಜಿಯ ಕಡೆ ತಿರುಗಿದಳು. ಆದರೆ ಮಾತು ಹೊರಗಿನ ಕಟ್ಟೆಗೂ ಕೇಳುವಷ್ಟು ಗಟ್ಟಿಯಾಗಿತ್ತು.

“ಆಯಿ, ಅವತ್ತ ನಾ ಅತ್ತಾಗ ಏನಂದ್ರಿ ಇಬ್ರೂ? ನಿಮ್ಮವ್ವನ ಜಾಗಾಕ್ಕ ತಂದೀವಿ ಅಂದ್ರಿ. ನಮ್ಮವ್ವನ ಜಾಗಾಕ್ಕ ಯಾರೂ ಬರಂಗಿಲ್ಲ ಅಂತ ನಾ ಅಂದೆ, ಕೇಳಲಿಲ್ಲ. ಈಗ ಇಕಿ ಆ ಜಾಗಾಕ್ಕ ನಡಿಯಂಗಿಲ್ಲ ಅಂತೀರಿ. ಹಂಗಾರ ಅವತ್ತ ನನಗ ಸುಳ್ಳ ಹೇಳಿದ್ರೇನು? ರೊಟ್ಟಿ ಬಡಿಯಾಕ ಒಂದ ಆಳ ತಂದೀವಿ ಅಂತ ಹೇಳಿದ್ರ ನಾ ಎರಡ ವರ್ಷ ಅಳತಿದ್ದಿಲ್ಲ.”

“ನಿನ್ನ ಹೊಟ್ಟಿ ಸಲವಾಗಿನ ಅಂದ್ನಿ ಕೂಸ,” ಅಂದಳು ಕಲ್ಲವ್ವ.

“ಮೊದಲಿಂದ ಯಾರ ಉಡಿ ತುಂಬಿದ್ದಕ್ಕ ಹೋತು ಆಯಿ? ಆವಾಗ ಯಾರೂ ಬಂದ ಇದ್ದಿಲ್ಲ.” ನಿರ್ಮಲಾ ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿದಳು. ಗೌರವ್ವನ ಹೆಸರು ಹಿಡಿಯಲಿಲ್ಲ, ಅವ್ವ ಅಂತಲೂ ಅನ್ನಲಿಲ್ಲ. “ತುಂಬ್ರಿ. ಕೈ ನೋಯಾಕತ್ತಾವ.”

ಎರಡು ವಾರದಿಂದ ಗೌರವ್ವ ಬೇಡಿಕೊಂಡದ್ದು ಇದನ್ನೇ. ಈಗ ಅವಳು ಬುಟ್ಟಿಯ ಹಿಂದಿನಿಂದ ಬರಲಿಲ್ಲ. ನಾಳೆ ಏನಾದರೂ ಆದರೆ ಈ ಓಣಿಯವರೂ ಆ ಓಣಿಯವರೂ ತೋರಿಸುವುದು ಈ ಕೈಯನ್ನೇ; ಸಾಯುವ ತನಕ ತೋರಿಸುತ್ತಾರೆ. ಅವಳು ಬಾಗಿಲ ಕಡೆ ನೋಡಿದಳು. ಅಂದಾನೆಪ್ಪ ಕಟ್ಟೆಯಿಂದ ಎದ್ದು ಬಂದು, ಗಂಡಸರು ದಾಟಬಾರದ ಹೊಸ್ತಿಲ ಆಚೆ ನಿಂತಿದ್ದ.

“ತುಂಬು,” ಅಂದ. “ಏನರ ಆದ್ರ ನಾ ಹೊಣಿ.”

ಗೌರವ್ವ ಕೂತಳು. ಅಕ್ಕಿ ಹಿಡಿದ ಮೊದಲ ಬೊಗಸೆಯಿಂದ ನಾಲ್ಕು ಕಾಳು ನೆಲಕ್ಕೆ ಬಿದ್ದವು. ಎರಡನೆಯದರಲ್ಲಿ ಬೀಳಲಿಲ್ಲ. ಐದು ಬೊಗಸೆ ಅಕ್ಕಿ, ಉತ್ತತ್ತಿ, ಅರಿಶಿನ ಬೇರು, ಎಲೆ ಅಡಿಕೆ, ಬಾಳೆಹಣ್ಣು ಹಾಕಿ ಕೈ ಹಿಂದೆ ತೆಗೆದುಕೊಂಡಳು.

ಗೋಡೆಗೆ ಒರಗಿ ಕೂತಿದ್ದ ಕಲ್ಲವ್ವ ಕೆಮ್ಮಿದಳು. “ಕೊಬ್ಬರಿ ಬಟ್ಟಲಾ ಬಿಟ್ಟಿ ನೋಡು. ಬುಟ್ಟಿ ತಳದಾಗ ಐತಿ.”

ಊಟದ ಹೊತ್ತಿಗೆ ಕಳಕೇಶನೂ ಬಂದ. ನಿರ್ಮಲಾ ಅಪ್ಪನೊಡನೆ ಹೆಚ್ಚು ಮಾತಾಡಲಿಲ್ಲ. ಆದರೆ ಅವನ ತಾಟಿಗೆ ತುಪ್ಪ ಹಾಕಿದಳು. ಹೊರಡುವ ಮುಂಚೆ ಕಳಕವ್ವ, ಏಳನೇ ತಿಂಗಳಿಗೆ ದೊಡ್ಡ ಕುಬಸ, ದಿನ ನೋಡಿ ಕರೆ ಕಳಿಸುತ್ತೇವೆ ಅಂದಳು. ಅಷ್ಟು ಕೇಳಿ ನಿರ್ಮಲಾ ಗೌರವ್ವನನ್ನು ಮತ್ತೆ ನಡುಮನೆಗೆ ಕರೆದಳು.

“ಆವಾಗಿನ ಕುಬಸಾನೂ ಹಿಂಗ ಆದ್ರ ನಾಲ್ಕ ಮಂದ್ಯಾಗ ನಗಿಗೀಡು. ಅಳತಿ ಹಿಡಕೊಂಡ ಹೋಗ್ರಿ.”

ಟೇಪು ನರಗುಂದದಲ್ಲಿ ಮಷೀನಿನ ಮೇಲೆ ಉಳಿದಿತ್ತು. ಗೌರವ್ವ ಗೇಣು ಹಾಕಿದಳು. ಬೆನ್ನಿನಿಂದ ಶುರು ಮಾಡಿ ಹೆಬ್ಬೆರಳಿಗೆ ಕಿರುಬೆರಳು ಮುಟ್ಟಿಸುತ್ತ ಸುತ್ತಿ ಬಂದಳು. ತಣ್ಣಗಿನ ಕೈಗೆ ನಿರ್ಮಲಾ ಒಮ್ಮೆ ಜುಮ್ಮೆಂದಳು, ಸರಿಯಲಿಲ್ಲ. ಇನ್ನೆರಡು ತಿಂಗಳಿಗೆ ಎಷ್ಟು ಬಿಡುತ್ತೀರಿ ಎಂದು ಕೇಳಿದಳು. ನಾಲ್ಕು ಬೆರಳು ಬಿಡುತ್ತೇನೆ, ಅಷ್ಟೇ ಒಳಗೆ ಮಡಚಿ ಇಡುತ್ತೇನೆ, ಅಂದಳು ಗೌರವ್ವ.

ರೋಣದ ಬಸ್ಸಿನಲ್ಲಿ ಕಲ್ಲವ್ವ ಮುಂದಿನ ಸೀಟಿನಲ್ಲಿ ಕೂತಳು, ಗಂಡ ಹೆಂಡತಿ ಹಿಂದೆ. ಊರು ದಾಟಿದ ಮೇಲೆ ಅಂದಾನೆಪ್ಪ ಕೇಳಿದ.

“ಎಷ್ಟಾತು?”

“ಐದ ಗೇಣು. ಎರಡ ಬೆರಳ ಕಡಿಮಿ.”

“ಯಾರ ಗೇಣಲೆ?”

“ನನ್ನ ಗೇಣಲೆರಿ.”

ಅವನು ತನ್ನ ಕೈ ಬಿಡಿಸಿ ಅವಳ ಕೈಯ ಪಕ್ಕದಲ್ಲಿ ಹಿಡಿದು ನೋಡಿದ. ಅವನ ಗೇಣು ಒಂದೂವರೆ ಬೆರಳಿನಷ್ಟು ಹೆಚ್ಚು ಉದ್ದವಿತ್ತು. ಹಾಗಾದರೆ ಕತ್ತರಿಸುವ ಹೊತ್ತಿಗೆ ನೀನು ಬಾಜೂ ಇರಬೇಕಾಗುತ್ತದೆ, ನನ್ನ ಕೈ ಇದಕ್ಕೆ ಬರುವುದಿಲ್ಲ, ಅಂದ. ಇರ್ತೀನಿ ಅಂದಳು ಗೌರವ್ವ.

ಕಲ್ಲವ್ವ ಹಿಂದಕ್ಕೆ ತಿರುಗದೆ, ಮುಂದಿನ ಸೀಟಿನಿಂದಲೇ ಹೇಳಿದಳು.

“ಖಾನಾವಳಿಯವರಿಗೆ ನಾಳಿಂದ ಮೂವತ್ತ ರೊಟ್ಟಿ ಸಾಕು ಅಂತ ಹೇಳು. ಬಡದ ಬಡದ ಕೈ ಬಾತ್ರ ಅಳತಿ ತಪ್ಪತೈತಿ.”